ಫೈಟೊ ಇದ್ದ ಮಾತ್ರಕ್ಕೆ ಸರಕು ಬಿಡುಗಡೆಯಾಗುವುದಿಲ್ಲ

ಟರ್ಕಿಯಿಂದ ಒಣ ಒರೆಗಾನೊ (ಪಿಜ್ಜಾ ಮೇಲೆ ಉದುರಿಸುವ ಪರಿಮಳದ ಎಲೆ) ತರಿಸಲು ಹೊರಟ ಸಣ್ಣ ಉದ್ಯಮಿಗಳು ಕಸ್ಟಮ್ಸ್ ಬ್ರೋಕರ್ ಆದ ನನ್ನನ್ನು ಮೊದಲು ಕೇಳುವುದು ಇದನ್ನೇ: "ಅಲ್ಲಿನವರು ಫೈಟೊ ಕೊಡುತ್ತಾರಂತೆ, ಅಷ್ಟು ಸಾಕಲ್ಲವೇ ಸರ್?" ಸಾಲದು. ಫೈಟೊ ಎಂದರೆ ಫೈಟೊಸ್ಯಾನಿಟರಿ ಪ್ರಮಾಣಪತ್ರ, ಅಂದರೆ ಸಸ್ಯ ಆರೋಗ್ಯದ ಪ್ರಮಾಣಪತ್ರ; ಅದು ನಮ್ಮ ಬೆಳೆಗಳ ಕಾವಲಿಗಾಗಿ ಇರುವುದು. ಸರಕಿನ ಜೊತೆ ಕೀಟವೋ ಸಸ್ಯರೋಗವೋ ಬರುತ್ತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಆ ಎಲೆ ತಿನ್ನಲು ಯೋಗ್ಯವೇ ಎಂಬುದರ ಗೊಡವೆ ಅದಕ್ಕಿಲ್ಲ.

ಫೈಟೊ ಕೈಗೆ ಬಂದಾಗ ನಾನು ಮೊದಲು ನೋಡುವುದು ಸಸ್ಯದ ವೈಜ್ಞಾನಿಕ ಹೆಸರನ್ನು. ಟರ್ಕಿಯಲ್ಲಿ ಹೆಚ್ಚಾಗಿ ಬೆಳೆಯುವುದು ಒರಿಗ್ಯಾನಮ್ ಒನೈಟಿಸ್. ನಮ್ಮವರು ಅಭ್ಯಾಸಬಲದಿಂದ ಒರಿಗ್ಯಾನಮ್ ವಲ್ಗೇರ್ ಎಂದು ಬರೆದುಬಿಟ್ಟರೆ ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಭಾರತದ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಅನುಸೂಚಿಗಳು ಸಸ್ಯದ ಹೆಸರು ಹಿಡಿದೇ ನಿಯಮ ಹೇಳುತ್ತವೆ. ಅವುಗಳಲ್ಲಿ ಇಲ್ಲದ ಸಸ್ಯಕ್ಕೆ ಮೊದಲು ಕೀಟ ಅಪಾಯದ ವಿಶ್ಲೇಷಣೆ ಆಗಬೇಕು. ಆದ್ದರಿಂದ ಆರ್ಡರ್ ಕೊಡುವ ಮುನ್ನವೇ ಹೆಸರು ಹುಡುಕಿ ನೋಡಿ. ಸರಕು ಮರದ ಪ್ಯಾಲೆಟ್ ಮೇಲೆ ಬರುವುದಾದರೆ ಮರಕ್ಕೂ ಕೀಟ ಕೊಲ್ಲುವ ಸಂಸ್ಕರಣೆ ಆಗಿದೆ ಎಂಬ ಮುದ್ರೆ ಬೇಕು. ಎಲೆ ಶುದ್ಧವಾಗಿದ್ದೂ ಪ್ಯಾಲೆಟ್‌ನಿಂದಾಗಿ ಸರಕು ಸಿಕ್ಕಿಬೀಳುವುದುಂಟು.

ತಿನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಪ್ರಯೋಗಾಲಯದ ವಿಶ್ಲೇಷಣಾ ವರದಿ. ಅದರಲ್ಲಿರುವ ಲಾಟ್ ಸಂಖ್ಯೆ ಚೀಲದ ಮೇಲೂ ಪ್ಯಾಕಿಂಗ್ ಲಿಸ್ಟ್‌ನಲ್ಲೂ ಇರದಿದ್ದರೆ ಆ ವರದಿ ಯಾವ ಸರಕಿನದೋ ಎಂದೇ ತಿಳಿಯಬೇಕು. ಇನ್ನೊಂದು ಮಾತು: ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾದ ಪರೀಕ್ಷೆಯಿಂದ ಕಲಬೆರಕೆ ಗೊತ್ತಾಗುವುದಿಲ್ಲ. ಯುರೋಪಿಯನ್ ಆಯೋಗ 2021ರಲ್ಲಿ ಪ್ರಕಟಿಸಿದ ತಪಾಸಣೆಯಲ್ಲಿ ಒರೆಗಾನೊ ಮಾದರಿಗಳ ಪೈಕಿ ಶೇ. 48ರಷ್ಟರ ಮೇಲೆ ಕಲಬೆರಕೆಯ ಅನುಮಾನವಿತ್ತು. ಬೆರೆತದ್ದು ಹೆಚ್ಚಾಗಿ ಆಲಿವ್ ಎಲೆ. ಪುಡಿ ಮಾಡಿದ ಮೇಲೆ ಕಣ್ಣಿಗೆ ಎರಡೂ ಒಂದೇ. ಶುದ್ಧತೆಯ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಿರಿ, ಖರ್ಚು ನಿಮ್ಮದಾದರೂ ಸರಿ.

ಮೂಲ ದೇಶದ ಪ್ರಮಾಣಪತ್ರಕ್ಕೆ ಕೆಲವರು ಇಲ್ಲದ ಮಹತ್ವ ಕೊಡುತ್ತಾರೆ. ಭಾರತ–ಟರ್ಕಿ ನಡುವೆ ಮುಕ್ತ ವ್ಯಾಪಾರ ಒಪ್ಪಂದವಿಲ್ಲ, ಹಾಗಾಗಿ ಅದರಿಂದ ಸುಂಕದಲ್ಲಿ ರಿಯಾಯಿತಿ ಸಿಗದು. ಇನ್‌ವಾಯ್ಸ್‌ನಲ್ಲಿ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕನ್ನು ವಿಂಗಡಿಸುವ ಸಂಖ್ಯೆ) ಮಾತ್ರ ಸರಿಯಿರಲಿ: ಒರೆಗಾನೊ 1211ರಲ್ಲಿ, ಅದನ್ನೇ ಹೋಲುವ ಥೈಮ್ ಎಲೆ 0910ರಲ್ಲಿ ಬರುತ್ತದೆ.

ಇಷ್ಟೆಲ್ಲ ಇದ್ದರೂ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಅಧಿಕಾರಿಗಳು ಇಲ್ಲಿ ತಮ್ಮದೇ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬಹುದು. ಆಮದುದಾರರ ವಿಳಾಸ, ಪರವಾನಗಿ ಸಂಖ್ಯೆ, ಹಸಿರು ಚುಕ್ಕೆಯ ಗುರುತು, ಇವನ್ನು ಕಸ್ಟಮ್ಸ್ ಗೋದಾಮಿನಲ್ಲೇ ಸ್ಟಿಕ್ಕರ್ ಅಂಟಿಸಿ ಸರಿಪಡಿಸಲು ಅವಕಾಶವಿದೆ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಬಿಟ್ಟುಹೋಗಿದ್ದರೆ ಸ್ಟಿಕ್ಕರ್ ನಡೆಯದು. ಹಾಗಾಗಿ ಲೇಬಲ್‌ನ ಫೋಟೊ, ಫೈಟೊದ ಕರಡು ಎರಡನ್ನೂ ಕಂಟೇನರ್ ತುಂಬುವ ಮೊದಲೇ ತರಿಸಿಕೊಂಡು ನಿಮ್ಮ ಬ್ರೋಕರ್‌ಗೆ ತೋರಿಸಿ; ಹಡಗು ಹೊರಟ ಮೇಲೆ ಫೈಟೊ ತಿದ್ದಿಸಲು ರಫ್ತುದಾರರು ಮತ್ತೆ ಅಲ್ಲಿನ ಕೃಷಿ ಇಲಾಖೆಗೇ ಹೋಗಬೇಕು.