ಬಂದೂಕಿನಿಂದ ಪಾರಾದ ಬೆಕ್ಕು ಬೆರಕೆಗೆ ಸೋತಿತು

ಸ್ಕಾಟ್ಲೆಂಡಿನ ಗ್ಲೆನ್‌ಗ್ಯಾರಿ ಎಸ್ಟೇಟಿನಲ್ಲಿ 1837ರಿಂದ 1840ರವರೆಗೆ ಕೊಂದ ‘ಉಪದ್ರವಿ’ ಪ್ರಾಣಿಗಳ ಪಟ್ಟಿಯೊಂದಿದೆ. ಆ ದೇಶದ ವನ್ಯಜೀವಿಗಳ ಕುರಿತು ಬರೆಯುವವರು ಅದನ್ನು ಉಲ್ಲೇಖಿಸದೆ ಮುಂದೆ ಹೋಗುವುದು ಅಪರೂಪ. ನೀರುನಾಯಿ 48, ನರಿ 11, ಹದ್ದು ಗಿಡುಗಗಳು ನೂರಾರು. ಕಾಡುಬೆಕ್ಕು 198. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು: ಕಾಡು ಸೇರಿದ ಮನೆಬೆಕ್ಕು 78. ಈ ಅಂಕಿಗಳನ್ನು ಉಬ್ಬಿಸಿ ಬರೆದಿರಬಹುದು ಎಂಬ ಅನುಮಾನ ಹಳೆಯದು. ಅದೇನೇ ಇರಲಿ, ಗಮನಿಸಬೇಕಾದದ್ದು ಆ ಕೊನೆಯ ಎರಡು ಸಾಲುಗಳನ್ನು. ಹೊಡೆದು ಕೆಡವಿದ ಬೆಕ್ಕು ಕಾಡಿನದೋ ಮನೆಯದೋ ಎಂದು ಅಂದಿನ ಕಾವಲುಗಾರರು ಬೇರೆ ಬೇರೆ ಬರೆದಿಟ್ಟಿದ್ದರು. ಅದಾಗಿ ಇನ್ನೂರು ವರ್ಷ ತುಂಬುವ ಮೊದಲೇ, ಪ್ರಯೋಗಾಲಯದ ನೆರವಿಲ್ಲದೆ ಆ ವ್ಯತ್ಯಾಸವನ್ನು ಖಚಿತವಾಗಿ ಹೇಳುವುದು ಕಷ್ಟವಾಯಿತು. ಸ್ಕಾಟ್ಲೆಂಡಿನ ಕಾಡುಬೆಕ್ಕಿನ ದುರಂತ ಇರುವುದು ಇಲ್ಲಿಯೇ.

ನಮ್ಮಲ್ಲಿ ಕಬ್ಬಿನ ಗದ್ದೆ, ಕೆರೆಯಂಚಿನ ಜೊಂಡಿನಲ್ಲಿ ಸುಳಿದಾಡುವ ಉದ್ದ ಕಾಲಿನ, ಮೋಟು ಬಾಲದ ಕಾಡುಬೆಕ್ಕು ಬೇರೆಯೇ ಪ್ರಭೇದ. ಇಲ್ಲಿ ಹೇಳುತ್ತಿರುವುದು ಯುರೋಪಿನ ಕಾಡುಬೆಕ್ಕಿನ ಕಥೆ. ದಪ್ಪ ತುಪ್ಪಳ, ಬೂದುಗಂದು ಮೈ, ಕಪ್ಪು ಪಟ್ಟೆಗಳು, ತುದಿ ಮೊಂಡಾದ ಪೊದೆಬಾಲ. ಹಿಮಯುಗ ಮುಗಿದ ಮೇಲೆ, ಬ್ರಿಟನ್ ಇನ್ನೂ ಯುರೋಪಿನ ನೆಲಕ್ಕೆ ಅಂಟಿಕೊಂಡಿದ್ದಾಗ, ನಡೆದುಕೊಂಡೇ ಬಂದ ಪ್ರಾಣಿ ಅದು. ಲಂಡನ್ನಿನ ಸೋಫಾದ ಮೇಲೆ ಮಲಗುವ ಬೆಕ್ಕಾಗಲಿ, ನಮ್ಮ ಅಡುಗೆಮನೆಗೆ ಹಾಲಿಗೆ ಬರುವ ಬೆಕ್ಕಾಗಲಿ ಅದರ ವಂಶದ್ದಲ್ಲ. ಮನೆಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಇನ್ನೊಂದು ಕಾಡುಬೆಕ್ಕು. ಕಚ್ಛ್ ಮತ್ತು ಥಾರ್ ಮರುಭೂಮಿಯಲ್ಲಿರುವ ನಮ್ಮ ಮರಳುಗಾಡಿನ ಬೆಕ್ಕು ಅದರ ಹತ್ತಿರದ ಬಂಧು. ಊರುಗಳು ಬೆಳೆದಂತೆ ಊರ ಬೆಕ್ಕುಗಳೊಡನೆ ಬೆರೆಯುವ ಅಪಾಯ ಅದಕ್ಕೂ ಇದೆ. ಈ ಕಥೆ ಪೂರ್ತಿ ಪರದೇಶದ್ದಲ್ಲ ಎನ್ನುವುದಕ್ಕೆ ಅಷ್ಟು ಸಾಕು.

ಕುಸಿತದ ಮೊದಲ ಅಧ್ಯಾಯದಲ್ಲಿ ಹೊಸದೇನೂ ಇಲ್ಲ. ಕಾಡು ಕಡಿದರು, ಬೆಕ್ಕು ಹಿಂದೆ ಸರಿಯಿತು. 1566ರಲ್ಲಿ ಇಂಗ್ಲೆಂಡಿನ ಕಾನೂನು ಪೀಡೆ ಪ್ರಾಣಿಗಳ ತಲೆಗೆ ಬೆಲೆ ಕಟ್ಟಿದಾಗ ಕಾಡುಬೆಕ್ಕಿನ ತಲೆಗೆ ಸಿಕ್ಕಿದ್ದು ಒಂದು ಪೆನ್ನಿ. 19ನೇ ಶತಮಾನದಲ್ಲಿ ಸಿರಿವಂತರಿಗೆ ಹಕ್ಕಿ ಬೇಟೆಯ ಗೀಳು ಹತ್ತಿತು. ಸ್ಕಾಟ್ಲೆಂಡಿನ ಬೆಟ್ಟಗಳು ಗ್ರೌಸ್ ಹಕ್ಕಿಗಳನ್ನು ಬೆಳೆಸುವ ಎಸ್ಟೇಟುಗಳಾದವು, ಅವುಗಳಿಗೆ ಸಂಬಳದ ಕಾವಲುಗಾರರು ಬಂದರು. ಕೊಕ್ಕೆ ಕೊಕ್ಕಿನ, ಕೋರೆಹಲ್ಲಿನ ಯಾವ ಪ್ರಾಣಿಯನ್ನೂ ಉಳಿಸಬಾರದೆಂಬುದು ಅವರ ನೌಕರಿಯ ಕರಾರು. 1880ರ ಹೊತ್ತಿಗೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಕಾಡುಬೆಕ್ಕು ಇಲ್ಲವಾಯಿತು. ಮೊದಲ ಮಹಾಯುದ್ಧದ ವೇಳೆಗೆ ಉಳಿದದ್ದು ಸ್ಕಾಟ್ಲೆಂಡಿನ ವಾಯವ್ಯ ಮೂಲೆಯಲ್ಲಿ ಮಾತ್ರ.

ಆ ಯುದ್ಧವೇ ಅದನ್ನು ಬದುಕಿಸಿತು. ಕಾವಲುಗಾರರು ಸೈನ್ಯಕ್ಕೆ ಹೋದರು, ಹಲವರು ಹಿಂದಿರುಗಲಿಲ್ಲ. ಎಸ್ಟೇಟುಗಳ ದರ್ಬಾರೂ ಇಳಿಯಿತು. ಯುದ್ಧಕ್ಕೆ ಮರ ಸಾಲದೆ ಹೋದ ಪಾಠ ಕಲಿತ ಸರ್ಕಾರ 1919ರಲ್ಲಿ ಅರಣ್ಯ ಆಯೋಗ ಸ್ಥಾಪಿಸಿ ಬೋಳು ಗುಡ್ಡಗಳಲ್ಲಿ ಸೂಚಿಪರ್ಣಿ ಮರಗಳನ್ನು ನೆಡಿಸಿತು. ಎಳೆ ನೆಡುತೋಪಿನ ಹುಲ್ಲಿನಲ್ಲಿ ಇಲಿಗಳು, ಇಲಿಗಳ ಹಿಂದೆ ಬೆಕ್ಕು. ಮೂಲೆಯಿಂದ ಹೊರಬಿದ್ದ ಕಾಡುಬೆಕ್ಕು ಪೂರ್ವಕ್ಕೂ ದಕ್ಷಿಣಕ್ಕೂ ಹರಡಿತು. ಬಂದೂಕೊಂದೇ ವೈರಿಯಾಗಿದ್ದರೆ ಕಥೆ ಇಲ್ಲಿಗೆ ಸುಖಾಂತ್ಯ ಕಾಣಬೇಕಿತ್ತು.

ಕಾಣಲಿಲ್ಲ. ಬ್ರಿಟನ್ನಿನಲ್ಲಿ ಮನೆಬೆಕ್ಕು ಎರಡು ಸಾವಿರ ವರ್ಷಗಳಿಂದ ಇದೆ. ಹೀಗಾಗಿ ಎರಡೂ ಅಂದಿನಿಂದಲೇ ಸ್ವಲ್ಪ ಸ್ವಲ್ಪ ಬೆರೆಯುತ್ತ ಬಂದಿವೆ ಎಂದೇ ಬಹಳ ಕಾಲ ನಂಬಿದ್ದರು. 2023ರಲ್ಲಿ ಪ್ರಕಟವಾದ ಎರಡು ವಂಶವಾಹಿ ಅಧ್ಯಯನಗಳು ಆ ನಂಬಿಕೆಯನ್ನು ತಲೆಕೆಳಗು ಮಾಡಿದವು. ಉತ್ಖನನಗಳಲ್ಲಿ ಸಿಕ್ಕ ಮೂಳೆಗಳು, ಸಂಗ್ರಹಾಲಯದ ಮಾದರಿಗಳು ಮತ್ತು ಇಂದಿನ ಬೆಕ್ಕುಗಳನ್ನು ಹೋಲಿಸಿದಾಗ ಕಂಡದ್ದಿಷ್ಟು: ಎರಡು ಸಾವಿರ ವರ್ಷ ನೆರೆಹೊರೆಯಲ್ಲಿದ್ದೂ ಇವೆರಡು ಬೆರೆತದ್ದು ತೀರಾ ಕಡಿಮೆ. ಬೆರಕೆ ಭರದಿಂದ ಶುರುವಾದದ್ದು 20ನೇ ಶತಮಾನದ ನಡುಭಾಗದಲ್ಲಿ. ಅಂದರೆ, ಹತ್ತಾರು ಬೆಕ್ಕು ತಲೆಮಾರುಗಳಲ್ಲಿ ಎಲ್ಲವೂ ಮುಗಿದಿದೆ.

ಆ ಹೊತ್ತಿನಲ್ಲಿ ಅಂಥದ್ದೇನಾಯಿತು? ಕಾಡುಬೆಕ್ಕು ಒಂಟಿಜೀವಿ. ತನ್ನ ಜಾತಿಯ ಸಂಗಾತಿ ಸಿಗುವವರೆಗೆ ಅದಕ್ಕೆ ಮನೆಬೆಕ್ಕಿನ ಗೊಡವೆ ಬೇಕಿಲ್ಲ. ಆದರೆ ಸಂಖ್ಯೆ ಪಾತಾಳ ಕಂಡ ಮೇಲೆ ಮರಳಿ ಹರಡಿದ ಬೆಕ್ಕುಗಳು ಕಾಲಿಟ್ಟದ್ದು ಹೊಲ, ಕೊಟ್ಟಿಗೆ, ಹಳ್ಳಿಗಳ ಸೀಮೆಗೆ. ಅಲ್ಲಿ ಬೀಡಾಡಿ ಬೆಕ್ಕುಗಳು ಎಲ್ಲೆಲ್ಲೂ ಇದ್ದವು, ತನ್ನವರು ಮೈಲಿಗಟ್ಟಲೆ ದೂರ. ಬೆದೆಗೆ ಬಂದ ಹೆಣ್ಣಿನ ಬಳಿಗೆ ಬರುವ ಗಂಡು ಕೊಟ್ಟಿಗೆಯದೇ ಆಗುತ್ತಿತ್ತು. 1953ರಲ್ಲಿ ಬ್ರಿಟನ್ನಿಗೆ ಕಾಲಿಟ್ಟ ಮಿಕ್ಸೊಮಟೋಸಿಸ್ ರೋಗಕ್ಕೆ ಮೊಲಗಳು ರಾಶಿರಾಶಿಯಾಗಿ ಸತ್ತದ್ದೂ ಇದಕ್ಕೆ ಇಂಬು ಕೊಟ್ಟಿರಬಹುದು ಎಂಬ ತರ್ಕವಿದೆ. ಮೊಲವೇ ಮುಖ್ಯ ಆಹಾರವಾಗಿದ್ದ ಕಡೆಗಳಲ್ಲಿ ಹಸಿದ ಬೆಕ್ಕು ಊರಿನತ್ತ ತಿರುಗುವುದು ಅಸಂಭವವೇನಲ್ಲ.

ಕಾನೂನು ಬಂದದ್ದು ಇದೆಲ್ಲ ಆದ ಮೇಲೆ. 1981ರ ವನ್ಯಜೀವಿ ಕಾಯಿದೆಯ ರಕ್ಷಿತ ಪಟ್ಟಿಗೆ ಕಾಡುಬೆಕ್ಕು ಸೇರಿದ್ದು 1988ರಲ್ಲಿ. ಕಾಡುಬೆಕ್ಕನ್ನು ಕೊಂದರೆ ಅಪರಾಧ. ಬೀಡಾಡಿ ಬೆಕ್ಕನ್ನು ಕೊಂದರೆ ಅಲ್ಲ. ರಾತ್ರಿ ಟಾರ್ಚಿನ ಬೆಳಕಿನಲ್ಲಿ ಎರಡು ಕಣ್ಣು ಹೊಳೆದಾಗ ಯಾವುದು ಯಾವುದೆಂದು ಹೇಳುವವರು ಯಾರು? ಗುರುತಿಸಲಾಗದ ಪ್ರಾಣಿಗೆ ಕೊಟ್ಟ ರಕ್ಷಣೆ ಕಾಗದದ ಮೇಲಷ್ಟೇ ಉಳಿಯಿತು ಎಂದರೆ ತಪ್ಪಾಗಲಾರದು.

ಈ ಗೊಂದಲಕ್ಕೊಂದು ಅಳತೆಗೋಲು ಕೊಟ್ಟವರು ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯದ ಆಂಡ್ರ್ಯೂ ಕಿಚನರ್ ಮತ್ತು ಸಂಗಡಿಗರು, 2005ರಲ್ಲಿ. ಮೈಮೇಲಿನ ಏಳು ಗುರುತು, ಒಂದೊಂದಕ್ಕೆ ಗರಿಷ್ಠ ಮೂರು ಅಂಕ. ಬೆನ್ನಿನ ನಡುವಣ ಕಪ್ಪು ಗೆರೆ ಬಾಲದ ಬುಡದಲ್ಲೇ ನಿಲ್ಲಬೇಕು, ಬಾಲಕ್ಕೆ ಹರಿದರೆ ಅಂಕ ಕಳೆಯುತ್ತದೆ. ಬಾಲದ ಬಳೆಗಳು ಬಿಡಿಬಿಡಿಯಾಗಿರಬೇಕು, ತುದಿ ಕಪ್ಪಗೆ ಮೊಂಡಾಗಿರಬೇಕು. ಕತ್ತಿನ ಹಿಂದೆ ದಪ್ಪನೆಯ ಅಲೆಅಲೆ ಗೆರೆಗಳು ನಾಲ್ಕು, ಹೆಗಲ ಮೇಲೆ ಎರಡು. ಪಕ್ಕೆಯ ಪಟ್ಟೆಗಳು ತುಂಡಾಗಿರಬಾರದು, ಅಲ್ಲಿ ಚುಕ್ಕೆ ಕಾಣಬಾರದು. ಇಪ್ಪತ್ತೊಂದಕ್ಕೆ ಹತ್ತೊಂಬತ್ತು ಬಂದರೆ ಕಾಡುಬೆಕ್ಕು. ಕ್ಯಾಮೆರಾ ಟ್ರ್ಯಾಪ್‌ಗೆ ಸಿಕ್ಕ ಮಸುಕು ಚಿತ್ರವನ್ನು ಹಿಗ್ಗಿಸಿ ಸ್ವಯಂಸೇವಕರು ಬಾಲದ ಬಳೆ ಎಣಿಸುತ್ತ ಕೂರುತ್ತಿದ್ದರು. ಬೆಕ್ಕು ಮುಖ ತೋರಿಸಿ ಹೋದರೆ ಪ್ರಯೋಜನವಿಲ್ಲ, ಬೆನ್ನು ತೋರಿಸಬೇಕು. ಆದರೆ ವಂಶವಾಹಿ ಯಾವಾಗಲೂ ಮೈಬಣ್ಣದ ಮಾತು ಕೇಳುವುದಿಲ್ಲ. ಅಚ್ಚುಕಟ್ಟಾದ ಪಟ್ಟೆಯ ಬೆಕ್ಕಿನ ರಕ್ತದಲ್ಲೂ ಮನೆಬೆಕ್ಕಿನ ಪಾಲು ಸಿಗುತ್ತಿತ್ತು.

ಹೀಗಾಗಿ ಗಣತಿಯ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. 1995ರ ಅಂದಾಜು 3,500. 2004ರ ಅಂದಾಜು 400. 2018ರದ್ದು 200. ಒಂಬತ್ತು ವರ್ಷಗಳಲ್ಲಿ ಮೂರು ಸಾವಿರ ಬೆಕ್ಕುಗಳು ಸತ್ತವೆಂದು ಇದರರ್ಥವಲ್ಲ. ಬೆಕ್ಕುಗಳೂ ಕಡಿಮೆಯಾದವು, ಯಾವುದನ್ನು ಕಾಡುಬೆಕ್ಕು ಎನ್ನಬೇಕೆಂಬ ಜರಡಿಯ ಕಣ್ಣೂ ಸಣ್ಣದಾಯಿತು.

ನಡುವೆ ಯೋಜನೆಗಳಿಗೆ ಬರವಿರಲಿಲ್ಲ. 2009ರಿಂದ ಕೇರ್ನ್‌ಗಾರ್ಮ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆ ಕಾವಲುಗಾರರನ್ನೇ ಒಳಗೊಂಡ ಪ್ರಯತ್ನ ನಡೆಯಿತು. ಮೊಮ್ಮಕ್ಕಳ ಕಾಲಕ್ಕಾದರೂ ಎಸ್ಟೇಟು ಮತ್ತು ಬೆಕ್ಕು ಒಂದೇ ಮೇಜಿಗೆ ಬಂದವಲ್ಲ ಎಂದು ಸಮಾಧಾನಪಡಬೇಕು. 2013ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. 2015ರಿಂದ ಆಯ್ದ ಪ್ರದೇಶಗಳಲ್ಲಿ ಬೀಡಾಡಿ ಬೆಕ್ಕುಗಳನ್ನು ಹಿಡಿದು ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ ಬಿಡುವ ಕೆಲಸ ಆರಂಭವಾಯಿತು. ನಮ್ಮ ನಗರಪಾಲಿಕೆಗಳು ಬೀದಿನಾಯಿಗಳಿಗೆ ಮಾಡುವುದು ಇದನ್ನೇ. ಒಂದಷ್ಟು ಉಳಿದುಹೋದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಬೆಕ್ಕು ತಜ್ಞರ ತಂಡ ತೀರ್ಪು ಕೊಟ್ಟಿತು: ಕಾಡಿನಲ್ಲಿ ಉಳಿದಿರುವ ಗುಂಪು ತಾನಾಗಿ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ, ಹೊರಗಿನಿಂದ ತಂದು ಬಿಡದೆ ದಾರಿಯಿಲ್ಲ.

ಬಿಡಲು ಬೆಕ್ಕುಗಳೆಲ್ಲಿ? ಮೃಗಾಲಯಗಳಲ್ಲಿ. 1960ರ ದಶಕದಿಂದ ಪಂಜರದಲ್ಲಿ ಬೆಳೆದು ಬಂದ ಸಂತತಿಯಲ್ಲಿ ಕಾಡಿನ ಬೆಕ್ಕುಗಳಿಗಿಂತ ಹೆಚ್ಚು ಕಾಡುತನ ಉಳಿದಿತ್ತು. ಬೆರಕೆ ಉಲ್ಬಣಿಸುವ ಮೊದಲೇ ಒಳಗೆ ಸೇರಿದ್ದರಿಂದ ಅವು ಬಚಾವಾಗಿದ್ದವು. ಕಿಂಗುಸ್ಸಿ ಬಳಿಯ ಹೈಲ್ಯಾಂಡ್ ವೈಲ್ಡ್‌ಲೈಫ್ ಪಾರ್ಕ್‌ನಲ್ಲಿ, ಪ್ರವಾಸಿಗರ ಕಣ್ಣಿಗೆ ಬೀಳದ ಜಾಗದಲ್ಲಿ, ಮನುಷ್ಯರ ಒಡನಾಟ ಸೋಕದಂತೆ ಮರಿಗಳನ್ನು ಬೆಳೆಸಿ, ಜಿಪಿಎಸ್ ಕಾಲರ್ ತೊಡಿಸಿ, 2023ರ ಬೇಸಿಗೆಯಲ್ಲಿ ಹತ್ತೊಂಬತ್ತನ್ನು ಕೇರ್ನ್‌ಗಾರ್ಮ್ಸ್‌ನಲ್ಲಿ ಬಿಟ್ಟರು. 2024ರಲ್ಲಿ ಅವುಗಳಲ್ಲಿ ಕೆಲವು ಕಾಡಿನಲ್ಲೇ ಮರಿ ಹಾಕಿದವು. ಆ ವರ್ಷ ಇನ್ನಷ್ಟು ಬೆಕ್ಕುಗಳನ್ನೂ ಬಿಟ್ಟರು.

ಇಷ್ಟು ವೆಚ್ಚ ಯಾಕೆ, ಬೆರಕೆ ಬೆಕ್ಕೂ ಇಲಿ ಹಿಡಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಡಾಫೆಯ ಪ್ರಶ್ನೆಯಲ್ಲ ಅದು. ಮನೆಬೆಕ್ಕಿನಿಂದ ಬಂದ ರೋಗನಿರೋಧಕ ವಂಶವಾಹಿಗಳು ಕಾಡಿನ ಬೆರಕೆಗಳಲ್ಲಿ ನೆಲೆಯೂರಿರುವುದನ್ನು 2023ರ ಅಧ್ಯಯನವೇ ತೋರಿಸಿದೆ. ಮನೆಬೆಕ್ಕು ತಂದ ರೋಗಗಳ ನಡುವೆ ಅವು ಉಪಯೋಗಕ್ಕೂ ಬಂದಿರಬೇಕು. ಬಿಟ್ಟ ಬೆಕ್ಕುಗಳೂ ನೂರಕ್ಕೆ ನೂರು ಶುದ್ಧವಲ್ಲ. ಶುದ್ಧತೆಯ ಮಾತನ್ನು ಅತಿಗೆ ಒಯ್ಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಆದರೆ ಬೆರಕೆಗೆ ತಡೆಯಿಲ್ಲದಿದ್ದರೆ ಕೊನೆಗುಳಿಯುವುದು ಪಟ್ಟೆಪಟ್ಟೆಯ ಬೀಡಾಡಿ ಬೆಕ್ಕಷ್ಟೇ, ಅದು ಪ್ರಪಂಚದಲ್ಲಿ ಈಗಾಗಲೇ ಧಾರಾಳವಾಗಿದೆ.

ಹಾಗಾಗಿ ಯೋಜನೆಯ ಅರ್ಧ ಕೆಲಸ ನಡೆಯುವುದು ಬೆಟ್ಟದಲ್ಲಲ್ಲ, ಬೆಟ್ಟದ ಬುಡದ ಮನೆಗಳಲ್ಲಿ. ಬೆಕ್ಕು ಸಾಕಿದವರಿಗೆ ಅದರ ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಮೈಕ್ರೋಚಿಪ್ ಹಾಕಿಸಿ ಎಂದು ಮನವೊಲಿಸಬೇಕು. ಕೊಟ್ಟಿಗೆಯ ಬೆಕ್ಕಿಗೆ ಮಾಲೀಕರೇ ಯಾರೆಂದು ಗೊತ್ತಿರುವುದಿಲ್ಲ. ಕಾಡುಬೆಕ್ಕು ಒಂದೂ ಇಲ್ಲದ ಇಂಗ್ಲೆಂಡಿನಲ್ಲಿ 2024ರ ಜೂನ್‌ನಿಂದ ಸಾಕುಬೆಕ್ಕುಗಳಿಗೆ ಮೈಕ್ರೋಚಿಪ್ ಕಡ್ಡಾಯವಾಯಿತು. ಸ್ಕಾಟ್ಲೆಂಡಿಗೆ ಆ ನಿಯಮ ಅನ್ವಯವಾಗಲಿಲ್ಲ.