ಊರಮನೆ ಅಟ್ಟದ ಸಾಮಾನು ಮ್ಯೂಸಿಯಂನವರು ತಗೋತಾರಾ?

ಪ್ರಶ್ನೆ: ಮಂಡ್ಯ ಹತ್ತಿರದ ನಮ್ಮ ಊರಮನೆ ಕೆಡವಿಸಿ ಹೊಸದು ಕಟ್ಟಿಸುತ್ತಿದ್ದೇವೆ. ಅಟ್ಟದಲ್ಲಿ ಹಿತ್ತಾಳೆ ಸೇರು, ಕೂರಿಗೆ, ಒಂದು ಕಟ್ಟು ತಾಳೆಗರಿ ಸಿಕ್ಕಿವೆ. ಗುಜರಿಗೆ ಹಾಕೋಕೆ ಮನಸ್ಸಿಲ್ಲ. ಮ್ಯೂಸಿಯಂಗೆ ಕೊಡಬಹುದಾ?

ಉತ್ತರ: ಧಾರಾಳವಾಗಿ ಕೇಳಿ. ಆದರೆ ಹಳೇದು ಅನ್ನೋ ಒಂದೇ ಕಾರಣಕ್ಕೆ ಯಾರೂ ತೆಗೆದುಕೊಳ್ಳುವುದಿಲ್ಲ. ಬೀಸೋಕಲ್ಲು, ಒನಕೆ ಎಲ್ಲ ಕಡೆ ಜಾಸ್ತಿಯೇ ಇವೆ. ಅವರಿಗೆ ಬೇಕಾಗಿರುವುದು ವಸ್ತುವಿನ ಜತೆಗಿನ ವಿವರ. ಯಾವ ಊರಿನದು, ಯಾರು ಬಳಸುತ್ತಿದ್ದರು, ಯಾತಕ್ಕೆ?

ನಿಮ್ಮ ಸೇರನ್ನೇ ತೆಗೆದುಕೊಳ್ಳಿ. ಬಾಯಿಯ ಅಂಚು, ತಳ ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರೋ, ಯಾವುದಾದರೂ ಮುದ್ರೆಯೋ ಇರಬಹುದು. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸವೆದ ಅಕ್ಷರ ಪೂರ್ತಿ ಹೋಗಿಬಿಡುತ್ತದೆ. ಮೆಟ್ರಿಕ್ ಅಳತೆ 1962ರಲ್ಲಿ ಕಡ್ಡಾಯವಾಯಿತು. ಆಮೇಲೂ ಹಳ್ಳಿಗಳಲ್ಲಿ ರಾಗಿ, ಹುರುಳಿ ಸೇರಿನಲ್ಲೇ ಅಳೆಯುತ್ತಿದ್ದರು. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಕೂಲಿ ಅಳೆದು ಕೊಡುತ್ತಿದ್ದದ್ದು ಇದರಲ್ಲೇನಾ? ಕೊಡೋ ಸೇರು ಬೇರೆ, ತಗೊಳ್ಳೋ ಸೇರು ಬೇರೆ ಇತ್ತಾ? (ಈ ಪ್ರಶ್ನೆಗೆ ಕೆಲವರು ನಕ್ಕು ಸುಮ್ಮನಾಗುತ್ತಾರೆ!) ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸೇರಿನ ಜತೆಗೇ ಕೊಡಿ.

ಸೇರು, ಕೂರಿಗೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕೇಳಬಹುದು. ಇಲ್ಲವೇ ರಾಮನಗರದ ಜಾನಪದ ಲೋಕ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಿಮ್ಮ ಜಿಲ್ಲೆಯವರೇ, ನಾಗಮಂಗಲ ಕಡೆಯವರು. ಅಲ್ಲಿ ಸಾಮಾನು ನೋಡುವುದರ ಜತೆಗೆ ಜನಪದ ಕಲಾವಿದರ ಹಾಡು, ಕುಣಿತವೂ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

ತಾಳೆಗರಿಯ ದಾರಿ ಬೇರೆ. ಅದಕ್ಕೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, 1891ರಲ್ಲಿ ಶುರುವಾದದ್ದು. ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಕಟ್ಟು ತಾಳೆಗರಿ ತಂದುಕೊಟ್ಟಿದ್ದು ಇಲ್ಲಿಗೇ. ಅದರಲ್ಲಿದ್ದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ನಿಮ್ಮದು ಬರೀ ಜಮೀನಿನ ಲೆಕ್ಕವೋ ನಾಟಿ ಔಷಧಿಯೋ ಇರಬಹುದು, ಅದೂ ಬೇಕು. ದಾರ ಬಿಚ್ಚಬೇಡಿ, ನೀರು ತಾಗಿಸಬೇಡಿ, ಬಿಸಿಲಿಗೆ ಇಡಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಹಾಗೇ ಒಯ್ಯಿರಿ.

ಹೋಗುವ ಮೊದಲು ಫೋಟೊ, ವಿವರ ಕಳಿಸಿ ಒಪ್ಪಿಗೆ ಪಡೆಯಿರಿ. ಕೊಡುವಾಗ ದಾನವೋ, ಎರವಲೋ ಅಂತ ಬರೆಸಿಕೊಂಡು ರಸೀದಿ ತಗೊಳ್ಳಿ. ಕೊಟ್ಟ ಮಾರನೇ ದಿನವೇ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಅಂದುಕೊಳ್ಳಬೇಡಿ. ಯಾವ ಮ್ಯೂಸಿಯಂನಲ್ಲೂ ಜಾಸ್ತಿ ಸಾಮಾನು ಉಗ್ರಾಣದಲ್ಲೇ ಇರುತ್ತದೆ.

ಇನ್ನೊಂದು ಮಾತು. ಪಾಯ ಅಗೆಯುವಾಗ ನಾಣ್ಯವೋ ಒಡವೆಯೋ ಸಿಕ್ಕರೆ ಅದು ನಿಧಿ ಕಾನೂನಿಗೆ ಬರುತ್ತದೆ. ಮ್ಯೂಸಿಯಂಗೂ ಒಯ್ಯಬೇಡಿ, ಮನೆಯಲ್ಲೂ ಇಟ್ಟುಕೊಳ್ಳಬೇಡಿ. ಮೊದಲು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ.