ಬೀಗ ಬಿದ್ದ ಮಾಳಿಗೆಗಳು: ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಸಿಗದಿರುವುದರ ಹಿನ್ನೆಲೆ

ಚಿಕ್ಕಮಗಳೂರಿಗೆ ವರ್ಗವಾಗಿ ಬರುವ ಶಿಕ್ಷಕರಿಗೂ ಬ್ಯಾಂಕ್ ನೌಕರರಿಗೂ ನರ್ಸ್‌ಗಳಿಗೂ ಮೊದಲು ಎದುರಾಗುವುದು ಮನೆಯ ಪ್ರಶ್ನೆ. ಬಸವನಹಳ್ಳಿ, ವಿಜಯಪುರ, ಜ್ಯೋತಿನಗರದಂಥ ಬಡಾವಣೆಗಳಲ್ಲಿ ಬೀಗ ಹಾಕಿದ ಮಾಳಿಗೆಗಳು ಕಾಣುತ್ತವೆ. ಸಂಸಾರಸ್ಥರಿಗೆ ಬಾಡಿಗೆಗೆ ಕೊಡುವವರು ಮಾತ್ರ ಸುಲಭವಾಗಿ ಸಿಗುವುದಿಲ್ಲ. ಮಾಲೀಕರು ಈ ವ್ಯವಹಾರವನ್ನೇ ಬಿಡುತ್ತಿದ್ದಾರೆಯೇ?

ಹಿಂಜರಿಕೆಯ ಬೇರು 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿದೆ. ಆ ಕಾಯ್ದೆಯಡಿ ಬಾಡಿಗೆದಾರರನ್ನು ತೆರವುಗೊಳಿಸಬೇಕಾದರೆ ಬಾಡಿಗೆ ಬಾಕಿ, ಸ್ವಂತ ವಾಸದ ಅಗತ್ಯ, ಒಳಬಾಡಿಗೆ ಮುಂತಾದ ಕಾರಣಗಳಲ್ಲಿ ಒಂದನ್ನಾದರೂ ಮಾಲೀಕ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಿತ್ತು. ಮನೆಗಳ ಅಭಾವವಿದ್ದ ಕಾಲದಲ್ಲಿ ಬಡ ಕುಟುಂಬಗಳು ಬೀದಿಗೆ ಬೀಳದಂತೆ ತಡೆದ ಕಾನೂನು ಅದು, ಆ ಉದ್ದೇಶ ನ್ಯಾಯವಾದದ್ದೇ. ಆದರೆ ಮೊಕದ್ದಮೆಗಳು ವರ್ಷಗಟ್ಟಲೆ ಎಳೆದಾಗ, ಬಾಡಿಗೆಗೆ ಕೊಟ್ಟ ಮನೆ ಮರಳಿ ಕೈಗೆ ಬರುವುದಿಲ್ಲವೆಂಬ ಭಯ ಮಾಲೀಕರಲ್ಲಿ ಬೇರೂರಿತು.

ಅದರ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಜಾರಿಯಾದದ್ದು 2001ರ ಕೊನೆಯಲ್ಲಿ. ಚಿಕ್ಕಮಗಳೂರಿನಂಥ ಊರುಗಳಲ್ಲಿ ತಿಂಗಳಿಗೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದಿನ ದರದಲ್ಲಿ ಊರಿನ ಬಹುತೇಕ ಮನೆಗಳು ಈ ಮಿತಿಯನ್ನು ದಾಟಿರುವುದರಿಂದ, ಅವುಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯನ್ನು 15 ದಿನಗಳ ನೋಟಿಸಿನಲ್ಲಿ ಕೊನೆಗೊಳಿಸಬಹುದು. ಕಾನೂನು ಸಡಿಲವಾದರೂ ಭಯ ಹೋಗಲಿಲ್ಲ. ಛಾಪಾ ಕಾಗದದ ಕರಾರಿನಲ್ಲಿ ಈಗಲೂ ಅವಧಿ ‘ಹನ್ನೊಂದು ತಿಂಗಳು’ ಎಂದೇ ಇರುತ್ತದೆ, ಏಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಮಗುವನ್ನು ಶಾಲೆಗೆ ಸೇರಿಸಿದ ಕುಟುಂಬವೊಂದು ಹತ್ತನೇ ತಿಂಗಳಿನಿಂದಲೇ ಮುಂದಿನ ಮನೆಯ ಚಿಂತೆ ಮಾಡಬೇಕಾಗುವುದು ಈ ಒಂದು ಸಾಲಿನಿಂದ.

ಭಯದ ಜೊತೆಗೆ ಈಗ ಲಾಭದ ಲೆಕ್ಕವೂ ಸೇರಿದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ವಾರಾಂತ್ಯದಲ್ಲಿ ಬರುವ ಪ್ರವಾಸಿಗರಿಗೆ ಮಾಳಿಗೆಯನ್ನು ದಿನಕ್ಕೆ 2,000 ರೂಪಾಯಿಯಂತೆ ತಿಂಗಳಲ್ಲಿ ಎಂಟೇ ದಿನ ಕೊಟ್ಟರೂ 16,000 ರೂಪಾಯಿ ಬರುತ್ತದೆ, ಖಾಲಿ ಮಾಡಿಸುವ ತಾಪತ್ರಯವೂ ಇಲ್ಲ. ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕೆಂಬುದು ಹೋಂಸ್ಟೇ ಕಲ್ಪನೆಯ ತಿರುಳು. ಮಾಲೀಕರಿಲ್ಲದ ಮನೆಯನ್ನು ದಿನಬಾಡಿಗೆಗೆ ಬಿಟ್ಟು ಅದನ್ನೂ ಹೋಂಸ್ಟೇ ಎಂದು ಕರೆಯುವುದನ್ನು ಸ್ಥಳೀಯ ಆಡಳಿತ ಸಹಿಸಬಾರದು. ಇನ್ನು ಬೀಗ ಹಾಕಿಡುವುದಕ್ಕೂ ಈಗ ಅಡ್ಡಿಯಿಲ್ಲ: 2019ರ ಕೇಂದ್ರ ಬಜೆಟ್ ಎರಡನೇ ಸ್ವಂತ ಮನೆಯ ಕಾಲ್ಪನಿಕ ಬಾಡಿಗೆಯ (ಬಾಡಿಗೆಗೆ ಕೊಡದಿದ್ದರೂ ಬರುತ್ತದೆಂದು ಲೆಕ್ಕ ಹಿಡಿಯುವ ಮೊತ್ತದ) ಮೇಲಿದ್ದ ಆದಾಯ ತೆರಿಗೆಯನ್ನೂ ತೆಗೆದುಹಾಕಿತು. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿಯಿದ್ದವು.

ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಮಾಲೀಕರು ಮನೆಯನ್ನು ಬಿಟ್ಟಿಲ್ಲ, ಸಂಸಾರಸ್ಥ ಬಾಡಿಗೆದಾರರನ್ನು ಬಿಡುತ್ತಿದ್ದಾರೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಎರಡೂ ಕಡೆಯವರನ್ನು ಗಮನಿಸಿದೆ. ಅವಧಿ ಮುಗಿದರೂ ಮನೆ ಬಿಡದವರು ಮೊದಲ ಎರಡು ತಿಂಗಳು ಎರಡು ಪಟ್ಟು, ಆನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ವಾಸದ ಮನೆಗೆ ಮಾಲೀಕರು ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಆದರೆ ಅದು ಮಾದರಿ ಮಾತ್ರ. ರಾಜ್ಯದ ಶಾಸನಸಭೆ ಅಂಗೀಕರಿಸದೆ ಅದರ ಒಂದು ಕಲಮೂ ಚಿಕ್ಕಮಗಳೂರಿನ ಬಾಡಿಗೆದಾರರ ನೆರವಿಗೆ ಬರುವುದಿಲ್ಲ.